ಪರದೆಯ ಕೆಳಗಿನ ಸಾಲು

ಟೈಪಿಸ್ಟಕ್ಕ ಒತ್ತಿದ್ದು ಒಂದೇ ಅಕ್ಷರ. ಇಸ್ತ್ರಿಪೆಟ್ಟಿಗೆಯ ಕೈಪಿಡಿ ಪೂರ್ತಿ ಮಾಯವಾಯಿತು.

"ಅಯ್ಯಯ್ಯೋ! ಬೆಳಗ್ಗೆಯಿಂದ ಬರೆದಿದ್ದೆಲ್ಲಾ ಹೋಯ್ತಲ್ಲೋ ಪುಣ್ಯಾತ್ಮ!"

ಕೈಪಿಡಿ ಬರೆದುಕೊಡುವ ಆ ಕಚೇರಿಗೆ ಎಡಿಟರ್, ಅಂದರೆ ಕಂಪ್ಯೂಟರಲ್ಲಿ ಬರೆಯುವ ಪ್ರೋಗ್ರಾಂ, ತಯಾರಿಸಿದವನು ಹಠಯೋಗಿ. ಅಡ್ಡಹೆಸರು ಅದು, ಹಿಡಿದದ್ದು ಬಿಡುವ ಆಸಾಮಿಯಲ್ಲ. ಅವನ ಎಡಿಟರಿಗೆ ಎರಡು ಅವಸ್ಥೆ: ಒಂದರಲ್ಲಿ ಒತ್ತಿದ್ದು ಅಕ್ಷರವಾಗುತ್ತದೆ, ಇನ್ನೊಂದರಲ್ಲಿ ಆಜ್ಞೆಯಾಗುತ್ತದೆ. ಯಾವುದರಲ್ಲಿ ಇದ್ದೇವೆಂದು ಮರೆತರೆ ಮುಗಿಯಿತು ಕತೆ.

ಮ್ಯಾನೇಜರ್ ಗುಡುಗಿದರು: "ಸಂಜೆಯೊಳಗೆ ಸರಿಯಾಗ್ಬೇಕು. ಇಲ್ಲಾಂದ್ರೆ ಅಂಗಡಿಯಿಂದ ಕೊಂಡು ನನ್ನ ಕಂಪ್ಯೂಟರಿಗೆ ಹಾಕಿರೋ ಎಡಿಟರನ್ನೇ ಎಲ್ರಿಗೂ ಹಾಕಿಸ್ತೀನಿ."

ಅಂಗಡಿ ಎಡಿಟರ್! ಹಠಯೋಗಿಗೆ ಮೈಯೆಲ್ಲ ಉರಿಯಿತು. "ಅದನ್ನ ನಾನು ಕೈಯಲ್ಲೂ ಮುಟ್ಟಲ್ಲ ಸಾರ್. ಪರದೆ ಕೆಳಗೆ ಒಂದು ಸಾಲು ಕೊಡ್ತೀನಿ. ಅಳಿಸೋದು, ಉಳಿಸೋದು ಎಲ್ಲಾ ಅಲ್ಲಿ ಪೂರ್ತಿ ಪದ ಬರೆದು ಎಂಟರ್ ಒತ್ತಿದ್ರೆ ಮಾತ್ರ."

ಮೊದಲು ಒಂದಕ್ಷರದ ಆಜ್ಞೆಗಳನ್ನೆಲ್ಲ ಕಿತ್ತೆಸೆದ. ಹಾಗೆ ಕಿತ್ತ ಎಡಿಟರನ್ನು ಮ್ಯಾನೇಜರರದ್ದೊಂದು ಬಿಟ್ಟು ಎಲ್ಲರ ಕಂಪ್ಯೂಟರಿಗೂ ಹಾಕಿದ. ತಾನೂ ಅದನ್ನೇ ತೆರೆದು, ಹೊಸ ಸಾಲಿನ ಪ್ರೋಗ್ರಾಂ ಅದರಲ್ಲೇ ಬರೆಯಲು ಕೂತ.

ಜನ ಬಿಡುತ್ತಾರೆಯೇ? "ಸಾಲು ಮೇಲಿದ್ರೆ ಲಕ್ಷಣ ಅಲ್ವೇನಯ್ಯ?" ಎಂದು ಅಕೌಂಟೆಂಟ್ ಹೆಗಲ ಮೇಲಿಂದ ಇಣುಕಿದರು.

"ತಪ್ಪು ಬರೆದ್ರೆ ಬೈಬಾರ್ದು, ಮೆತ್ತಗೆ ಹೇಳ್ಬೇಕು," ಎಂದರು ಟೈಪಿಸ್ಟಕ್ಕ. "ಮಧ್ಯೆ ಮನಸ್ಸು ಬದಲಾದ್ರೆ?"

"ಎಸ್ಕೇಪ್ ಒತ್ತಿ ಅಕ್ಕ. ಈಗ ನನ್ನನ್ನ ಬಿಟ್ಬಿಡಿ!"

ಊಟ ಬಿಟ್ಟ. ಹೆಂಡತಿಯ ಫೋನು ಎತ್ತಲಿಲ್ಲ. ಸಂಜೆಗೆ ಕೊನೆಯ ಸಾಲು ಬರೆದು ಗೆದ್ದವನಂತೆ ಮೈಮುರಿದ.

"ಎಲ್ಲಿ, ಉಳಿಸಿ ತೋರಿಸಪ್ಪ," ಎಂದರು ಮ್ಯಾನೇಜರ್.

ಹಠಯೋಗಿಯ ಬೆರಳು ಗಾಳಿಯಲ್ಲೇ ನಿಂತಿತು. ಉಳಿಸುವ ಹಳೆಯ ಕೀಲಿಯನ್ನೂ ಒಂದಕ್ಷರದ ಆಜ್ಞೆಗಳ ಜೊತೆ ತಾನೇ ಕಿತ್ತಿದ್ದ. ಹೊಸ ಆಜ್ಞೆ ಕಣ್ಣೆದುರೇ ಇತ್ತು, ಇನ್ನೂ ಉಳಿಸಿರದ ಪ್ರೋಗ್ರಾಮಿನೊಳಗೆ. ಉಳಿಸದೆ ಅದು ನಡೆಯದು, ಅದು ನಡೆಯದೆ ಉಳಿಸಲಾಗದು. ಕಚೇರಿಯ ಎಲ್ಲ ಕಂಪ್ಯೂಟರಲ್ಲೂ ಇದೇ ಗತಿ, ಒಂದನ್ನು ಬಿಟ್ಟು.

ಮುಖ ಹುಳ್ಳಗೆ ಮಾಡಿಕೊಂಡು ಮ್ಯಾನೇಜರರ ಕುರ್ಚಿಯಲ್ಲಿ ಕೂತ. ಟೈಪಿಸ್ಟಕ್ಕ ಅವನ ಪರದೆ ನೋಡಿ ಒಂದೊಂದೇ ಸಾಲು ಕೂಗಿದರು, ಅಕೌಂಟೆಂಟ್ ಬಾಗಿಲಲ್ಲಿ ನಿಂತು ದಾಟಿಸಿದರು, ಅವನು ಅಂಗಡಿ ಎಡಿಟರಿನಲ್ಲಿ ಬರೆದ. ಕೊನೆಗೆ ಒಂದು ಕ್ಲಿಕ್. ಉಳಿಯಿತು.

"ಆಯ್ತು ಸಾರ್! ನನ್ನ ಎಡಿಟರ್ ಬದುಕ್ತು!"

ಮ್ಯಾನೇಜರ್ ಬೆನ್ನು ತಟ್ಟಿದರು. "ಭೇಷ್! ನಿನ್ನ ಎಡಿಟರನ್ನೇ ಇದು ಬದುಕಿಸ್ತು ಅಂದ್ಮೇಲೆ ಇನ್ನು ಮಾತೇ ಇಲ್ಲ. ನಾಳೆ ಎಲ್ರಿಗೂ ಈ ಅಂಗಡಿದನ್ನೇ ಹಾಕ್ಬಿಡು. ಕೈ ಪಳಗಿದೆಯಲ್ಲ, ಇದರ ಕೈಪಿಡೀನೂ ನೀನೇ ಬರಿ."