ಅರ್ಧ ದಿನದ ರಜಾ ಅರ್ಜಿ

ಗುರುವಾರ ಬೆಳಿಗ್ಗೆ ಯಜಮಾನರು ಕಚೇರಿಯ ಬಾಗಿಲಿಗೆ ಒಂದು ಚೀಟಿ ಅಂಟಿಸದೇ ಇದ್ದಿದ್ದರೆ ತಾರೀಖಪ್ಪ ಊಟ ಮುಗಿಸಿ, ‘ಸಾರ್, ಬರ್ತೀನಿ’ ಅಂತ ಒಂದು ಮಾತು ಹೇಳಿ, ನೆಟ್ಟಗೆ ಮಗಳ ಶಾಲೆಗೆ ಹೋಗಿಬಿಡುತ್ತಿದ್ದ. ಚೀಟಿಯಲ್ಲಿ ಹೀಗಿತ್ತು: ‘ಇಂದಿನಿಂದ ಪತ್ರ, ಪಟ್ಟಿ, ಅರ್ಜಿ ಏನೇ ಇರಲಿ, ನಮ್ಮ ಸಾಫ್ಟ್‌ವೇರಿನಲ್ಲೇ ಆಗತಕ್ಕದ್ದು. ನಾವು ಬೇಯಿಸಿದ್ದನ್ನು ಮೊದಲು ನಾವು ಉಣ್ಣೋಣ.’

ಆ ಹನ್ನೊಂದು ಜನರ ಕಂಪನಿ ಬೇಯಿಸುತ್ತಿದ್ದದ್ದು ಕಚೇರಿಗಳಿಗೆ ಬೇಕಾದ ಸಾಫ್ಟ್‌ವೇರು. ಪತ್ರ ಬರೆಯಲು ಒಂದು, ಪಟ್ಟಿ ಮಾಡಲು ಒಂದು, ಗೋಡೆ ಮೇಲೆ ಚಿತ್ರ ಬಿಟ್ಟು ಭಾಷಣ ಹೊಡೆಯಲು ಒಂದು, ಎಲ್ಲ ಸೇರಿ ಒಂದೇ ಕಟ್ಟು. ಮೂರು ವರ್ಷದಿಂದ ಒಲೆಯ ಮೇಲಿತ್ತು, ಇನ್ನೂ ಬೆಂದಿರಲಿಲ್ಲ. ಅದರಲ್ಲಿ ತಾರೀಖಿನ ಭಾಗ ಮಾತ್ರ ನಮ್ಮ ತಾರೀಖಪ್ಪನದು. ಅಡ್ಡಹೆಸರು ಬಂದದ್ದೂ ಅದರಿಂದಲೇ. ಹಳೆಯ ಪತ್ರ ತೆರೆದರೆ ಸಾಕು, ತಾರೀಖು ತಾನೇ ಇವತ್ತಿನದಾಗುತ್ತಿತ್ತು. ‘ಇಂಥ ದಿನದೊಳಗೆ ಉತ್ತರಿಸಿ’ ಎಂದು ವಾರದ ಗಡುವು ಕೊಟ್ಟಿದ್ದರೆ ಆ ದಿನವೂ ಮುಂದೆ ಸರಿದು ಮತ್ತೆ ಒಂದು ವಾರದಾಚೆ ನಿಲ್ಲುತ್ತಿತ್ತು. ಗುಮಾಸ್ತನೊಬ್ಬ ಒಂದೇ ಪತ್ರ ಬರೆದು ನಿವೃತ್ತಿಯವರೆಗೂ ಅದನ್ನೇ ಕಳಿಸುತ್ತ ಕೂರಬಹುದು ಎಂದು ತಾರೀಖಪ್ಪ ಕಂಡವರಿಗೆಲ್ಲ ಹೇಳಿಕೊಳ್ಳುತ್ತಿದ್ದ. ಮಗಳ ಶಾಲೆಗೂ ಒಂದು ಪ್ರತಿ ಪುಕ್ಕಟೆ ಕೊಟ್ಟು ಭೇಷ್ ಅನ್ನಿಸಿಕೊಂಡಿದ್ದ.

ಈಗ ಅದೇ ಶಾಲೆಯಲ್ಲಿ ಸಂಜೆ ನಾಲ್ಕಕ್ಕೆ ನಾಟಕ. ಮಗಳದು ಗೋಡೆ ಗಡಿಯಾರದ ಪಾತ್ರ. ಪೂರ್ತಿ ನಾಟಕ ಸುಮ್ಮನೆ ನಿಂತು ಕೊನೆಯಲ್ಲಿ ‘ಹೊತ್ತಾಯಿತು, ಎಲ್ಲರೂ ಏಳಿ!’ ಎನ್ನಬೇಕು. ಹೋದ ಸಲ ಅವಳು ಮೋಡವಾದಾಗಲೂ ಅದಕ್ಕೆ ಮುಂಚೆ ಮೊಲವಾದಾಗಲೂ ಅಪ್ಪ ಕಚೇರಿಯಲ್ಲಿದ್ದ.

“ಈ ಸಲ ಬರ್ಲಿಲ್ಲ ಅಂದ್ರೆ ಟೂ. ಜನ್ಮದಲ್ಲಿ ಮಾತಾಡಲ್ಲ,” ಎಂದು ಬೆಳಿಗ್ಗೆ ಅವಳು ಬೆರಳು ತೋರಿಸಿ ಹೋಗಿದ್ದಳು. “ಅವಳು ಮಾತಾಡ್ಲಿಲ್ಲ ಅಂದ್ರೆ ನಾನೂ ಇಲ್ಲ,” ಎಂದು ಹೆಂಡತಿ ತಟ್ಟೆ ಕುಕ್ಕಿದ್ದಳು.

ಹನ್ನೊಂದು ಗಂಟೆಗೇ ಅರ್ಜಿಗೆ ಕೂತ. ‘ಮಾನ್ಯರೇ’ ಆಯಿತು. ಮುಂದಿನ ಸಾಲಿನ ನಡುವೆ ಪರದೆ, ತಪ್ಪು ಮಾಡಿ ಸಿಕ್ಕಿಬಿದ್ದವನ ಮುಖದ ಹಾಗೆ ಬಿಳಿಚಿಕೊಂಡು, ಕುಸಿದು ಮಲಗಿತು. ಮಲಗುವ ಮುಂಚೆ ತನಗೇನಾಯಿತು ಎಂಬ ವರದಿಯನ್ನು ಕಚೇರಿಯ ಹನ್ನೊಂದೂ ಪರದೆಗೆ ರವಾನಿಸಿತು. ವರದಿಯ ಕೊನೆಗೆ, ಪ್ರಾಣ ಹೋಗುವಾಗ ಬಾಯಲ್ಲಿದ್ದ ಮಾತು: ‘ನನ್ನ ಮಗಳು ಗಡಿಯಾರವಾಗುವುದರಿಂದ’.

“ಯಾರ ಮಗಳಪ್ಪಾ ಗಡಿಯಾರ ಆಗೋದು?” ಮೂಲೆಯಿಂದ ಕೂಗು ಬಂತು. ಅಕ್ಷರದ ಭಾಗ ನೋಡಿಕೊಳ್ಳುವ ಅಕ್ಷರಣ್ಣ ಕುರ್ಚಿ ಸಮೇತ ಉರುಳಿಕೊಂಡು ಬಂದ. “ಸರಿ, ಏಳು. ರಜಾ ಅರ್ಜಿ ಅಂದ್ರೆ ಅಕ್ಷರಗಳು ಕೈಕಟ್ಟಿ ನಿಂತ ಹಾಗಿರಬೇಕು. ನಿನ್ನೆ ತಾನೇ ಅಂಥ ಹೊಸ ಅಕ್ಷರಶೈಲಿಯೊಂದನ್ನ ಮಾಡಿದೀನಿ.”

“ಅಣ್ಣಾ, ಇರೋದೇ ಸಾಕು...”

“ಸುಮ್ನಿರೋ, ನಿನ್ನ ಒಳ್ಳೇದಕ್ಕೇ.”

ಕೈಕಟ್ಟಿ ನಿಲ್ಲಬೇಕಾದ ಅಕ್ಷರಗಳು ಪ್ರಿಂಟರಿನಿಂದ ಕುಂಬಳಕಾಯಿಗಳ ಹಾಗೆ ಉರುಳಿದವು. ಹಾಳೆಗೊಂದು ಪದವೂ ಹಿಡಿಸಲಿಲ್ಲ. ‘ಮಾನ್ಯರೇ’ ಒಂದಕ್ಕೇ ಒಂದೂವರೆ ಹಾಳೆ ಬೇಕಾಯಿತು. ಹದಿನಾಲ್ಕನೆಯ ಹಾಳೆ ಬರುವಷ್ಟರಲ್ಲಿ ತಾರೀಖಪ್ಪ ಪ್ರಿಂಟರಿನ ವಯರು ಕಿತ್ತ.

“ಗಂಡಸರ ಕೈಗೆ ಕೊಟ್ರೆ ಹೀಗೇ,” ಎಂದಳು ಪಟ್ಟಿ ವಿಭಾಗದ ಪಟ್ಟಿಯಕ್ಕ. “ಅಷ್ಟುದ್ದ ಯಾಕೆ ಬರೀಬೇಕು? ಪಟ್ಟಿ ಮಾಡಿ ಕೊಡು. ಹೆಸರು, ಕಾರಣ, ಎಷ್ಟು ದಿನ. ಮೂರೇ ಮನೆ. ಸಾಹೇಬ್ರು ಒಂದು ನೋಟ ನೋಡ್ತಾರೆ, ಸಹಿ ಹಾಕ್ತಾರೆ.”

ಪಟ್ಟಿ ಚೆನ್ನಾಗೇ ಬಂತು. ತಾರೀಖಪ್ಪ ಅದನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ಒಳಗೆ ಹೋದ. ಯಜಮಾನರು ಕನ್ನಡಕ ಏರಿಸಿ ಓದಿದರು.

“ಹೆಸರು, ಸರಿ. ಕಾರಣ, ಗಡಿಯಾರ. ರಜೆ...” ತಲೆಯೆತ್ತಿದರು. “ಸೊನ್ನೆ ದಿನ?”

ಪಟ್ಟಿಯಕ್ಕನ ಪಟ್ಟಿಗೆ ಅರ್ಧದ ಮೇಲೆ ನಂಬಿಕೆಯಿರಲಿಲ್ಲ. ಪೂರ್ತಿಯಾಗದ್ದನ್ನೆಲ್ಲ ಕತ್ತರಿಸಿ ಎಸೆದಿತ್ತು.

“ಮಂಜೂರು,” ಎಂದರು ಯಜಮಾನರು. “ಹೋಗಿ ಕೆಲಸ ಮಾಡು.”

“ಸಾರ್, ಬಾಯಲ್ಲೇ ಹೇಳ್ತೀನಿ, ಮಗಳ ನಾಟಕ...”

“ಬಾಯಲ್ಲಿ ಹೇಳೋದಾದ್ರೆ ಮೂರು ವರ್ಷದಿಂದ ಇದನ್ಯಾಕೆ ಕಟ್ತಿದೀವಿ? ಬಾಗಿಲಲ್ಲಿ ಚೀಟಿ ಓದಲಿಲ್ವಾ?”

ಚೀಟಿ ಕೈಬರಹದಲ್ಲಿತ್ತು. ಹೇಳುವ ಧೈರ್ಯ ಯಾರಿಗಿದೆ?

ಗಂಟೆ ಮೂರಾಯಿತು. ಮೂರೂಕಾಲಾಯಿತು. ಈಗ ಇಡೀ ಕಚೇರಿಯೇ ಅವನ ಮೇಜಿನ ಸುತ್ತ ನಿಂತು ಆಳಿಗೊಂದು ಸಲಹೆ ಕೊಡುತ್ತಿತ್ತು. ಒಬ್ಬ ಅಂಚು ಹಾಕಿದ, ಒಬ್ಬ ಅಂಚು ತೆಗೆದ. ಕೊನೆಗೆ ಯಾರೋ ಯಾವುದೋ ಗುಂಡಿ ಒತ್ತಿದ್ದೇ, ಪ್ರಿಂಟರು ಒಂದು ಹಾಳೆಯನ್ನು ಸದ್ದಿಲ್ಲದೆ ಹೊರಗೆ ಹಾಕಿತು. ಖಾಲಿ. ಬಲಗಡೆ ಮೇಲ್ತುದಿಯಲ್ಲಿ ಮಾತ್ರ ಇವತ್ತಿನ ತಾರೀಖು ಮುತ್ತು ಪೋಣಿಸಿದ ಹಾಗೆ ಕೂತಿತ್ತು.

“ನೋಡಿದ್ರಾ?” ಆ ಸಂಕಟದಲ್ಲೂ ತಾರೀಖಪ್ಪನ ಎದೆಯುಬ್ಬಿತು. “ಏನೇ ಹೋಗಲಿ, ನನ್ನದು ಮಾತ್ರ ಕದಲಲ್ಲ.”

ಅದನ್ನೇ ಒಯ್ದು ಯಜಮಾನರ ಮುಂದಿಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತ. ಅವರು ಖಾಲಿ ಹಾಳೆಯನ್ನು ನೋಡಿದರು, ಅವನನ್ನು ನೋಡಿದರು, ನಕ್ಕುಬಿಟ್ಟರು.

“ತಾರೀಖಾದ್ರೂ ಸರಿಯಾಗಿದೆಯಲ್ಲ. ಹೋಗು ಮಾರಾಯ. ಆದ್ರೆ ಮುಂದಿನ ಗುರುವಾರ ಗಿರಾಕಿಗಳು ಬರ್ತಾರೆ. ಮಧ್ಯಾಹ್ನದಿಂದ ದೀಪ ಹಚ್ಚೋವರೆಗೂ ನೀನೇ ಎಲ್ಲ ತೋರಿಸ್ಬೇಕು. ಅವತ್ತು ಆಕಾಶ ಕಳಚಿ ಬಿದ್ರೂ ರಜೆ ಇಲ್ಲ. ಒಪ್ಪಿಗೆಯಾ?”

“ಒಪ್ಪಿಗೆ ಸಾರ್! ಮಗಳಾಣೆ!”

ಬಸ್ಸಿಗೆ ಕಾಯದೆ ಓಡಿದ. ನಾಲ್ಕಕ್ಕೆ ಎರಡು ನಿಮಿಷವಿದ್ದಾಗ, ಸೋರುವ ನಲ್ಲಿಯಂತೆ ಬೆವರಿಳಿಸುತ್ತ ಶಾಲೆಯ ಗೇಟು ಮುಟ್ಟಿದ. ಅಲ್ಲಿ ಸಂತೆಯೇ ನೆರೆದಿತ್ತು. ಮಗಳ ತರಗತಿಯ ಅಪ್ಪ ಅಮ್ಮಂದಿರೆಲ್ಲ ಆಮಂತ್ರಣ ಹಿಡಿದು ಕೂಗಾಡುತ್ತಿದ್ದರು. ಮಗನನ್ನು ಕರೆದೊಯ್ಯಲು ಬಂದ ಪಕ್ಕದ ಮನೆಯ ಟೈಲರು ತನ್ನದನ್ನೂ ಬೀಸುತ್ತಿದ್ದ.

“ನಾಟಕ ನಾಳೆ ಕಣ್ರೀ! ನನ್ನ ಮಗನ ಕಾಗದದಲ್ಲಿ ಶುಕ್ರವಾರ ಅಂತಿದೆ.”

“ನಮಗೆ ಸೋಮವಾರ ಅಂತ ಬಂದಿದೆ!” ಎಂದಳು ಇನ್ನೊಂದು ತರಗತಿಯ ತಾಯಿ.

ಹೆಡ್‌ಮಿಸ್ಸು ಹೊರಗೆ ಬಂದರು. “ಏನು ಗಲಾಟೆ? ನಾಟಕಕ್ಕೆ ಇನ್ನೂ ಒಂದು ವಾರ ಇದೆ. ಈಗಷ್ಟೇ ಕಂಪ್ಯೂಟರಿನಲ್ಲಿ ನೋಡಿದೆ, ಮುಂದಿನ ಗುರುವಾರ. ನಿನ್ನೆ ನೋಡಿದಾಗಲೂ ಒಂದು ವಾರ ಇತ್ತು. ಮೊನ್ನೆಯೂ ಇತ್ತು. ಅದಕ್ಕೇ ಪರದೆ ಕಟ್ಟಿಸೋಕೆ ನನಗೇನೂ ಅವಸರ ಇರಲಿಲ್ಲ.”

ತಾರೀಖಪ್ಪನ ಬೆವರು ನಿಂತಲ್ಲೇ ತಣ್ಣಗಾಯಿತು. ಶಾಲೆಯ ಗುಮಾಸ್ತ ಹೋದ ಗುರುವಾರ ಆಮಂತ್ರಣ ಬರೆದಿದ್ದಾನೆ. ದಿನಕ್ಕೊಂದು ತರಗತಿಗೆ ಎಂದು ತೆಗೆದು ಮುದ್ರಿಸಿದ್ದಾನೆ. ತೆರೆದಾಗಲೆಲ್ಲ ತಾರೀಖು, ಕಲಿಸಿದ ಪಾಠ ಮರೆಯದೆ, ಒಂದು ವಾರ ಮುಂದೆ ಹೋಗಿ ನಿಂತಿದೆ. ಹೀಗೇ ಬಿಟ್ಟರೆ ಮಗಳು ಮೊಮ್ಮಕ್ಕಳನ್ನು ಕಾಣುವವರೆಗೂ ಗಡಿಯಾರವಾಗಿಯೇ ಕಾಯಬೇಕು.

“ಮೇಡಂ,” ಪಿಸುಗುಟ್ಟಿದ, “ಅದು ತೆರೆದಾಗಲೆಲ್ಲ ಮುಂದಕ್ಕೆ ಹೋಗುತ್ತೆ. ಹಾಗೇ ಮಾಡಿರೋದು.”

“ಯಾರ್ರೀ ಅದನ್ನ ಮಾಡಿದ ಮಹಾಶಯ?” ಟೈಲರು ತೋಳೇರಿಸಿದ. “ನಾಳೆ ಅಂಗಡಿ ರಜಾ ಅಂತ ಊರಿಗೆಲ್ಲ ಹೇಳಿ ಬಂದಿದೀನಿ. ಸಿಗಲಿ ಕೈಗೆ!”

ರಟ್ಟಿನ ಗಡಿಯಾರ ಕತ್ತಿಗೆ ನೇತುಹಾಕಿಕೊಂಡ ಮಗಳು ಗುಂಪಿನ ಕಾಲುಗಳ ನಡುವೆ ನುಸುಳಿ ಬಂದಳು. ಅಪ್ಪನನ್ನು ಕಂಡು ಮುಖ ಹೂವಾಯಿತು. “ನಮ್ಮಪ್ಪ!” ಎಂದು ಊರಿಗೇ ಕೇಳುವ ಹಾಗೆ ಕೂಗಿದಳು. “ಅದನ್ನ ಮಾಡಿದ್ದು ನಮ್ಮಪ್ಪಾನೇ!”

ಟೈಲರನ ಬಾಯಿಂದ ಪಾರಾಗಲು ಅರ್ಧ ಗಂಟೆ ಹಿಡಿಯಿತು. ಕೊನೆಗೆ ತಾರೀಖಪ್ಪನೇ ಉಪಾಯ ಹೇಳಿದ. “ಕಂಪ್ಯೂಟರು ಮುಟ್ಟಬೇಡಿ ಮೇಡಂ. ಗೇಟಿನ ಹಲಗೆ ಮೇಲೆ ಚಾಕ್‌ಪೀಸಿನಲ್ಲಿ ಬರೆದುಬಿಡಿ. ಅದು ಕದಲಲ್ಲ.”

ಹೆಡ್‌ಮಿಸ್ಸಿಗೆ ಮಾತು ಹಿಡಿಸಿತು. ಹಲಗೆ ಒರೆಸಿ, ದಪ್ಪ ಅಕ್ಷರದಲ್ಲಿ ಬರೆದರು: ‘ನಾಟಕ. ಮುಂದಿನ ಗುರುವಾರ ಸಂಜೆ ನಾಲ್ಕಕ್ಕೆ.’ ಕೆಳಗೆ ಎರಡು ಗೆರೆ ಎಳೆದರು.

“ಮೇಡಂ... ಬುಧವಾರ ಆದ್ರೆ?”

“ಇನ್ನೊಂದು ಸಲ ತಾರೀಖಿನ ಮಾತೆತ್ತಿದ್ರೆ ನೋಡಿ!” ಎಂದರು ಹೆಡ್‌ಮಿಸ್ಸು. ಟೈಲರೂ ತಿರುಗಿ ನೋಡಿದ.

ಮಗಳು ಅಪ್ಪನ ಬೆರಳು ಹಿಡಿದು ಹಲಗೆಯನ್ನೇ ನೋಡುತ್ತಿದ್ದಳು. “ಇದು ಪಕ್ಕಾ ಅಲ್ವಾ ಅಪ್ಪಾ? ಇನ್ನು ಯಾರೂ ಬದಲಾಯಿಸೋಕಾಗಲ್ಲ ಅಲ್ವಾ?”

“ಆಗಲ್ಲ ಪುಟ್ಟಿ,” ಎಂದ ತಾರೀಖಪ್ಪ. ಮನಸ್ಸಿನಲ್ಲೇ ‘ಮಾನ್ಯರೇ’ ಎಂದು ಶುರು ಮಾಡಿದ.