ಕಡಲು ಕಂಡವನಿಗೆ ಮುಂದಿನ ಸೀಟು

ನಾನು ಸುಮ್ಮನೆ ಕೂತಿದ್ದರೂ ಇಂಥ ಪೇಚುಗಳು ನನ್ನ ಹಟ್ಟಿಯ ದಾರಿ ಕೇಳಿಕೊಂಡು ಬರುತ್ತವೆ. ನೀಲಗಿರಿಯ ನಡುವಟ್ಟಂ ಕಡೆಯಲ್ಲಿ ಮೊದಲು ಕಡಲು ಕಂಡ ಮನುಷ್ಯ ನಾನೇ. ಮೀಸೆ ಮೂಡುವ ವಯಸ್ಸಿನಲ್ಲಿ ಮರದ ಲಾರಿ ಹತ್ತಿ ಕೇರಳಕ್ಕಿಳಿದು, ಮೀನುಗಾರರ ಊರೊಂದರಲ್ಲಿ ನಿಂತು, ಸೂರ್ಯ ಕಡಲೊಳಗಿಂದ ನೀರು ಸುರಿಸಿಕೊಂಡು ಎದ್ದು ಬರುವುದನ್ನು ಈ ಕಣ್ಣಿಂದ ನೋಡಿದ್ದೇನೆ. ಜೊತೆಗಿದ್ದ ಇಬ್ಬರೂ ಈಗಿಲ್ಲ. ಲಾರಿಯೂ ಗುಜರಿಗೆ ಹೋಯಿತು.

ಹೋದ ವರ್ಷ ಅದೇ ಊರಿಗೆ ಒಂದು ದಿನದ ಮಟ್ಟಿಗೆ ಮನೆಯವರೆಲ್ಲ ಜೀಪಿನಲ್ಲಿ ಹೊರಟೆವು.

ಘಾಟಿ

ಜೀಪಿನ ಮುಂದೆ ಒಂದೇ ಸೀಟು. ನನ್ನ ಭಾವಮೈದನಿಗೆ ತಿರುವು ಕಂಡರೆ ವಾಂತಿ, ಅವನಿಗೆ ಅದು ಬೇಕು. ಕಡಲು ಗೊತ್ತಿದ್ದವನು ಮುಂದೆ ಕೂರಬೇಕು ಅಂದೆ ನಾನು. ನನ್ನ ಹೆಂಡತಿ ಪಂಚಾಯಿತಿ ಮಾಡಿದಳು: ಹೋಗುವಾಗ ಇವರು ಕೂರಲಿ, ಇವರ ಕಡಲಿನ ಕಥೆ ಸುಳ್ಳು ಅಂತ ಅಲ್ಲಿ ಗೊತ್ತಾದರೆ ಬರುವಾಗ ನನ್ನ ತಮ್ಮ ಕೂರಲಿ. ಸಾಕ್ಷಿಗಳೆಲ್ಲ ಸತ್ತಿದ್ದಾರಲ್ಲ, ಧೈರ್ಯವಾಗಿ ಒಪ್ಪಿದೆ.

ನಾಡುಕಾಣಿ ಘಾಟಿಯಲ್ಲಿ ಹಿಂದಿನಿಂದ ನರಳಾಟ ಶುರುವಾಯಿತು. ತಿರುವು ಬಂದಾಗ ಗಟ್ಟಿಯಾಗಿ ಕಣ್ಣು ಮುಚ್ಚಿಕೋ ಅಂತ ಉಪಾಯ ಹೇಳಿಕೊಟ್ಟೆ.

ಡ್ರೈವರ್ ಗಾಬರಿಯಿಂದ ನನ್ನ ಕಡೆ ನೋಡಿ, "ಯಾರಿಗೆ ಹೇಳಿದ್ದು, ನನಗಾ?" ಅಂದ.

ಸ್ವೆಟರು

ಕಡಲ ಗಾಳಿಯ ಮುಂದೆ ಊಟಿಯ ಹಿಮ ಏನೂ ಅಲ್ಲ ಅಂತ ಮೊದಲೇ ಎಚ್ಚರಿಸಿದ್ದೆ. ಹಾಗಾಗಿ ಎಲ್ಲರೂ ಸ್ವೆಟರು, ಮಫ್ಲರು, ಮಂಕಿ ಟೋಪಿ ಹಾಕಿಕೊಂಡೇ ಮರಳಿಗಿಳಿದೆವು. ಬಿಸಿಲು ಹೆಂಚಿನ ಹಾಗೆ. ಬರಿಮೈಯಲ್ಲಿ ಬಲೆ ಹೊಲಿಯುತ್ತಿದ್ದ ಒಬ್ಬ ಮುದುಕ ಸೂಜಿ ನಿಲ್ಲಿಸಿ, ಇವರಲ್ಲಿ ಜ್ವರ ಯಾರಿಗೆ ಅಂತ ಡ್ರೈವರನ್ನು ಕೇಳಿದ.

ಭಾವಮೈದ ನನ್ನ ಕಡೆ ಕೈ ತೋರಿಸಿದ.

ಇದು ಸುಳ್ಳಾಯಿತಲ್ಲ, ಸೀಟು ಕೊಡಿ ಅಂದಳು ಹೆಂಡತಿ. ಚಳಿ ಎಲ್ಲಿಗೂ ಹೋಗಿಲ್ಲ, ನಾವು ಬೇಗ ಬಂದೆವು ಅಂದೆ. ಟೋಪಿ ಮಾತ್ರ ತೆಗೆಯಲಿಲ್ಲ, ಮರ್ಯಾದೆ ಪ್ರಶ್ನೆ.

ಒದ್ದೆ ತೂಕ

ನಮ್ಮ ಟೀ ಎಲೆ ತೂಗುವವನು, ಮಳೆ ಬಂದರೆ ಒದ್ದೆ ಅಂತ ತೂಕ ಕಡಿಮೆ ಬರೆಯುತ್ತಾನೆ. ಮಂಜು ಬಿದ್ದರೂ ಅದೇ. ನಾನು ಬೆವರಿದರೂ ಅದೇ. ಜನ್ಮವಿಡೀ ಕೊಡುವ ಕಡೆ ನಿಂತು ಸೋತವನು ನಾನು. ಇಲ್ಲಿ ಮೊದಲ ಸಲ ಕೊಳ್ಳುವ ಕಡೆ ನಿಂತಿದ್ದೇನೆ, ಬಿಡುತ್ತೇನಾ? ಮೀನು ಮಾರುವ ಹೆಂಗಸು ಮತ್ತಿ ಮೀನು ತೂಗಿದ ಕೂಡಲೇ ತಕ್ಕಡಿಯ ಕೆಳಗೆ ಕೈ ಹಿಡಿದು, ನೀರು ಸೋರುತ್ತಿದೆ, ಒದ್ದೆಗೆ ಕಳೆಯಬೇಕು ಅಂದೆ.

ಡ್ರೈವರ್ ಮಲಯಾಳದಲ್ಲಿ ಹೇಳಿದ. ಅವಳು ನನ್ನ ಟೋಪಿಯನ್ನೊಮ್ಮೆ ನೋಡಿ, ಮತ್ತಿಯನ್ನು ಬುಟ್ಟಿಗೆ ಸುರಿದು, ಒಣಮೀನಿನ ಗಂಟೊಂದನ್ನು ನನ್ನ ಕೈಗಿಟ್ಟಳು. ಒಂದು ಹನಿ ನೀರಿಲ್ಲ. ದುಡ್ಡು ಎಣಿಸಿ ಕೊಟ್ಟೆ.

ನಾತ ಅಂದರೆ ನಾತ. ಆದರೂ ನನಗೇನು? ಅದನ್ನು ಜೀಪಿನ ಹಿಂದಿನ ಸೀಟಿನಲ್ಲೇ, ಭಾವಮೈದ ಕೂರುವ ಜಾಗದ ಪಕ್ಕ, ಜೋಪಾನವಾಗಿ ಇಡಿಸಿದೆ.

ಸೂರ್ಯ

ಹೊರಡುವ ಮುಂಚೆ ಎಲ್ಲರೂ ನೀರಿನ ಅಂಚಿಗೆ ನಿಂತೆವು. ಕಡಲೆಲ್ಲ ಕೆಂಪಾಗಿತ್ತು. ಸೂರ್ಯ ನಿಧಾನವಾಗಿ ನೀರಿಗಿಳಿಯುತ್ತಿದ್ದ. ಹೆಂಡತಿ ಸೆರಗಿನಿಂದ ಕಣ್ಣಿಗೆ ಮರೆಮಾಡಿಕೊಂಡು ಬಹಳ ಹೊತ್ತು ನೋಡಿದಳು.

"ಅಲ್ಲ ಇವರೇ, ಅವತ್ತು ನೀವು ನೋಡಿದ ಕಡಲು ಇದೇನಾ?"

"ಇದೇ. ನಿಂತ ಜಾಗವೂ ಇದೇ."

"ಸೂರ್ಯ ಎದ್ದದ್ದು ಇದರೊಳಗಿಂದಲೇ?"

"ನೀರು ಸುರಿಸಿಕೊಂಡು."

"ಮತ್ತೆ ಈಗ ಅದರೊಳಗೇ ಮುಳುಗ್ತಾ ಇದ್ದಾನಲ್ಲ?"

ನಾನು ಸೂರ್ಯನನ್ನು ನೋಡಿದೆ. ಅವನು ನನಗಾಗಿ ಏನೂ ಮಾಡಲಿಲ್ಲ. ತಿರುಗಿ ನೋಡಿದರೆ ಭಾವಮೈದ ಆಗಲೇ ಮುಂದಿನ ಸೀಟಿನಲ್ಲಿ ಕೂತು, ನನ್ನ ಕಡೆ ಕೈ ಬೀಸಿ, "ಭಾವಾ, ತಿರುವಿನಲ್ಲಿ ಕಣ್ಣು ಮುಚ್ಚಿಕೋ, ಮೂಗೂ ಮುಚ್ಚಿಕೋ" ಅಂದ.

ಹಿಂದೆ ಹತ್ತಿ ಒಣಮೀನಿನ ಗಂಟನ್ನು ಸ್ವಲ್ಪ ಆಚೆ ಸರಿಸಿ ಕೂತೆ. ಹೆಂಡತಿ ಉತ್ತರಕ್ಕೆ ಕಾಯುತ್ತಲೇ ಇದ್ದಳು.

ಹೆಗಲು ಕುಣಿಸಿ, "ನಾನು ಅವತ್ತು ಬಂದಿದ್ದು ಬೆಳಿಗ್ಗೆ ಅಲ್ವಾ" ಅಂದೆ.