ಎರಡು ಮಹಡಿಗಳ ನಡುವೆ ನಿಂತ ಕತೆ

ಲಿಫ್ಟಿನವನ ಫಜೀತಿ ಶುರುವಾದದ್ದು ನಾದಿನಿಯ ದಯೆಯಿಂದ. ಬೆಳಿಗ್ಗೆ ಅವನು ಶೂ ಲೇಸು ಕಟ್ಟುತ್ತಿದ್ದಾಗ ಅವಳು ಅವನ ಫೋನು ಕಿತ್ತುಕೊಂಡು, ಅಲ್ಲಲ್ಲಿ ಒತ್ತಿ, ವಾಪಸು ಕೊಟ್ಟಳು.

“ದಿನವಿಡೀ ಆ ಡಬ್ಬಿಯೊಳಗೆ ನಿಂತು ಗೋಡೆ ನೋಡ್ತೀರಲ್ಲ ಭಾವ, ಇದನ್ನ ಕೇಳಿ. ಕಂತು ಕಂತಾಗಿ ಕತೆ ಓದಿ ಹೇಳ್ತಾರೆ.”

“ದುಡ್ಡೆಷ್ಟು?”

“ಪುಕ್ಕಟೆ.”

“ಪುಕ್ಕಟೆ ಅಂದ್ರೆ ಏನೋ ಮಸಲತ್ತು ಇರ್ಬೇಕು,” ಎಂದು ಗೊಣಗುತ್ತಲೇ ಅವನು ಇಯರ್‌ಫೋನು ಜೇಬಿಗೆ ಹಾಕಿಕೊಂಡ.

ಅವನ ಲಿಫ್ಟು ಐದು ಮಹಡಿಯ ಹಳೇ ಆಫೀಸಿನದು. ಜಾಲರಿ ಬಾಗಿಲನ್ನು ಕೈಯಿಂದ ಎಳೆಯಬೇಕು, ಹಿತ್ತಾಳೆಯ ಹಿಡಿ ತಿರುಗಿಸಿದರೆ ಅದು ಗೊರಗುಟ್ಟುತ್ತ ಹೊರಡುತ್ತಿತ್ತು. ಮೊದಲ ಕಂತಿನಲ್ಲೇ ಬಂಗಲೆಯ ಯಜಮಾನ ಹಾಲು ಕುಡಿದು ಸತ್ತ. ಲೋಟ ಮುಟ್ಟಿದ್ದವರು ಹೆಂಡತಿ, ತಮ್ಮ, ಹಾಸಿಗೆ ಹಿಡಿದ ಅಜ್ಜಿಯ ನರ್ಸು. ಓದುವಾಕೆಯ ದನಿಯೋ, ಪಕ್ಕದ ಮನೆಯ ಗುಟ್ಟನ್ನು ಕಿವಿಯಲ್ಲಿ ಉಸುರಿದ ಹಾಗೆ. ಲಿಫ್ಟಿನವನ ಬಾಯಿ ಗ್ಯಾರೇಜಿನ ಬಾಗಿಲಿನಂತೆ ತೆರೆದುಕೊಂಡಿತು.

“ನಾಲ್ಕು,” ಎಂದು ಹತ್ತಿದ ಶೀತದ ಗುಮಾಸ್ತ. ವರ್ಷವಿಡೀ ಸೀನುತ್ತಿದ್ದುದರಿಂದ ಅವನಿಗೆ ಆ ಹೆಸರು. ಲಿಫ್ಟು ಸೀದಾ ನೆಲಮಾಳಿಗೆಯ ಗೋದಾಮಿಗೆ ಇಳಿಯಿತು.

“ನಾಲ್ಕು ಅಂದೆ ಕಣಯ್ಯ!”

“ನರ್ಸೇ ಇರ್ಬೇಕು ಸಾರ್.”

“ಏನು ನರ್ಸು?”

“ವಿಷ ಹಾಕಿದ್ದು!”

ಗುಮಾಸ್ತ ಇಯರ್‌ಫೋನಿನ ಒಂದು ತುದಿಯನ್ನು ತನ್ನ ಕಿವಿಗೂ ಸಿಕ್ಕಿಸಿಕೊಂಡ. ನಾಲ್ಕನೇ ಮಹಡಿ ಎರಡು ಸಲ ಬಂದು ಹೋಯಿತು, ಅವನು ಇಳಿಯಲಿಲ್ಲ. ಮೂರರಲ್ಲಿ ಹತ್ತಿದ ಟೈಪಿಸ್ಟಮ್ಮ ಇಬ್ಬರ ಮುಖ ನೋಡಿ, “ಅದೇನು ಗುಸುಗುಸು? ನಮಗೂ ಕೇಳಿಸ್ಲಿ,” ಎಂದು ವೈರನ್ನೇ ಕಿತ್ತರು. ದನಿ ಲಿಫ್ಟು ತುಂಬಿತು.

“ಹೆಂಡತೀನೇ, ಬರೆದಿಟ್ಕೊಳಿ. ಅಷ್ಟು ಅಳೋ ಹೆಂಗಸನ್ನ ನಾನು ನಂಬಲ್ಲ,” ಎಂದರು ಟೈಪಿಸ್ಟಮ್ಮ.

“ತಮ್ಮ! ಆಸ್ತಿ ಅಂದ್ರೆ ತಮ್ಮಂದಿರು ಏನು ಅಂತ ನನಗೆ ಹೇಳ್ಕೊಡ್ಬೇಡಿ,” ಎಂದು ಗುಮಾಸ್ತ ಸೀನಿದ. ಆ ಸದ್ದಿನಲ್ಲಿ ಕತೆಯ ಪೊಲೀಸರು ಹೇಳಿದ ಒಂದು ಮುಖ್ಯ ಮಾತು ಮುಳುಗಿಹೋಯಿತು. ಎಲ್ಲರೂ ಅವನನ್ನು ಬೈದರು. ಹಿಂದಕ್ಕೆ ಹೋಗಿ ಮತ್ತೆ ಹಚ್ಚಬೇಕಾಯಿತು.

ಮಧ್ಯಾಹ್ನದ ಹೊತ್ತಿಗೆ ಲಿಫ್ಟಿನೊಳಗೆ ಜನ ಬೆಂಕಿಪೊಟ್ಟಣದ ಕಡ್ಡಿಗಳಂತೆ ಒತ್ತೊತ್ತಾಗಿ ನಿಂತಿದ್ದರು. ಒಂದರಿಂದ ಎರಡಕ್ಕೆ ಹೋಗಬೇಕಾದವರು ಐದು ನೋಡಿಕೊಂಡು ಬರುತ್ತಿದ್ದರು. ಹತ್ತಿದವರು ಇಳಿಯರು, ಇಳಿಯದವರ ಮೇಲೆ ಮತ್ತಿಷ್ಟು ಜನ. ಕೊನೆಗೆ ಲಿಫ್ಟು ಹೊಟ್ಟೆಬಿರಿಯ ಉಂಡವನಂತೆ ನರಳಿ, ಮೂರು ನಾಲ್ಕರ ನಡುವೆ ನಿಂತುಬಿಟ್ಟಿತು.

ಅಪಾಯದ ಗಂಟೆಯನ್ನು ಒಬ್ಬರೂ ಒತ್ತಲಿಲ್ಲ.

“ಒಳ್ಳೇದೇ ಆಯ್ತು ಬಿಡಿ,” ಎಂದರು ಟೈಪಿಸ್ಟಮ್ಮ. “ಇನ್ನು ಯಾರೂ ಹತ್ತಿ ತೊಂದರೆ ಕೊಡಲ್ಲ.”

ಐದನೇ ಮಹಡಿಯಲ್ಲಿ ದೊಡ್ಡ ಸಾಹೇಬರು ಟೈಪಿಸ್ಟಮ್ಮನನ್ನು ಕರೆದರು, ಇಲ್ಲ. ಗುಮಾಸ್ತನನ್ನು ಕರೆದರು, ಇಲ್ಲ. ಲಿಫ್ಟೂ ಇಲ್ಲ. ಬೈಯುತ್ತ ಮೆಟ್ಟಿಲಿಳಿಯುತ್ತಿದ್ದಾಗ ಗೋಡೆಯೊಳಗಿಂದ ಹೆಣ್ಣುದನಿಯೊಂದು, “ಕೊಲೆಗಾರ ಈ ಮನೆಯಲ್ಲೇ ಇದ್ದಾನೆ!” ಎಂದಿತು. ಸಾಹೇಬರು ಮೆಟ್ಟಿಲ ಮೇಲೇ ಕೂತುಬಿಟ್ಟರು.

ಮೆಕ್ಯಾನಿಕ್ ಬಂದು ಸರಳು ಹಾಕಿ ಬಾಗಿಲು ಮೀಟಿದ. “ಎಲ್ಲರೂ ಉಸಿರಾಡ್ತಾ ಇದ್ದೀರಾ?”

“ಶ್! ಬಾಗಿಲು ಹಾಕಯ್ಯ, ಇನ್ನೆರಡೇ ನಿಮಿಷ,” ಎಂದ ಗುಮಾಸ್ತ. ಮೆಕ್ಯಾನಿಕ್ಕಿನ ಬೆನ್ನ ಹಿಂದೆ ಸಾಹೇಬರ ಮುಖ ಕಂಡದ್ದೇ, ಬರುತ್ತಿದ್ದ ಸೀನು ಮೂಗಿನೊಳಕ್ಕೇ ವಾಪಸು ಹೋಯಿತು.

“ಯಾರದು ಫೋನು?”

ಎಲ್ಲರ ಬೆರಳೂ ಲಿಫ್ಟಿನವನ ಕಡೆ ತಿರುಗಿತು.

“ಕೊಡಿಲ್ಲಿ. ಸಂಜೆ ನಿನ್ನ ವಿಚಾರ ನೋಡ್ಕೋತೀನಿ.”

ಲಿಫ್ಟು ರಿಪೇರಿಯಾಯಿತು, ಲಿಫ್ಟಿನವನು ಆಗಲಿಲ್ಲ. ಈ ಕೆಲಸ ಹೋದರೆ ಗತಿಯೇನು? ಅವನಿಗೆ ಗೊತ್ತಿದ್ದುದು ಮೇಲೆ ಹೋಗುವುದು, ಕೆಳಗೆ ಬರುವುದು ಎರಡೇ. ಹೆಂಡತಿಗೆ ಏನು ಹೇಳುವುದು? ಆದರೆ ನಿಜ ಹೇಳಬೇಕೆಂದರೆ, ಕೆಲಸದ ಚಿಂತೆಯ ಮಧ್ಯೆ ಮಧ್ಯೆ ನರ್ಸು ಬಂದು ನಿಲ್ಲುತ್ತಿದ್ದಳು. ವಿಷ ಹಾಕಿದ್ದು ಅವಳೋ, ಯಜಮಾನನ ಹೆಂಡತಿಯೋ, ತಮ್ಮನೋ? ತನ್ನ ಬಗ್ಗೆ ತನಗೇ ನಾಚಿಕೆಯಾಯಿತು.

“ಕೆಲಸ ಹೋದ್ರೂ ಚಿಂತೆಯಿಲ್ಲ,” ಎಂದು ಟೈಪಿಸ್ಟಮ್ಮ ಸಮಾಧಾನ ಹೇಳಿದರು. “ಆ ಫೋನ್ ಮಾತ್ರ ಬಿಡಿಸ್ಕೊ.”

ಸಂಜೆ ಸಾಹೇಬರು ಐದರಲ್ಲಿ ಒಬ್ಬರೇ ಹತ್ತಿದರು. ಕಣ್ಣು ಕೆಂಪಗಿತ್ತು. ಲಿಫ್ಟಿನವನು ತಲೆ ತಗ್ಗಿಸಿ ಹಿಡಿ ತಿರುಗಿಸಿದ.

“ಎಂಥಾ ಕತೆಯಯ್ಯಾ ಅದು!” ಎಂದರು ಸಾಹೇಬರು.

“ಸಾರ್?”

“ಏನಿದೆ ನೋಡೋಣ ಅಂತ ಹಚ್ಚಿದೆ. ಮೀಟಿಂಗೇ ರದ್ದು ಮಾಡ್ಬೇಕಾಯ್ತು. ನಿನ್ನ ಕೆಲಸಕ್ಕೇನೂ ಆಗಲ್ಲ, ಹೆದರ್ಬೇಡ.” ಫೋನನ್ನು ತಾವೇ ಅವನ ಜೇಬಿಗಿಳಿಸಿ ತಟ್ಟಿದರು. ಲಿಫ್ಟಿನವನು ಜೇಬನ್ನು ಮುಟ್ಟಿ ನೋಡಿಕೊಂಡ. ಇವತ್ತೇ, ಮನೆಗೆ ಹೋಗುವ ದಾರಿಯಲ್ಲೇ, ಉಳಿದ ಕಂತು ಮುಗಿಸಿಬಿಡಬೇಕು!

“ಆದ್ರೂ,” ಎಂದರು ಸಾಹೇಬರು ನಿಟ್ಟುಸಿರಿಟ್ಟು, “ಹಾಸಿಗೆ ಹಿಡಿದ ಆ ಅಜ್ಜಿ ಎದ್ದು ನಡೀತಾಳೆ ಅಂತ ಯಾರು ಅಂದ್ಕೊಂಡಿದ್ರು?”

ಲಿಫ್ಟಿನವನು ಸುತ್ತ ನೋಡಿದ. ನಾಲ್ಕೂ ಕಡೆ ಕಬ್ಬಿಣ. ಇನ್ನೂ ಮೂರನೇ ಮಹಡಿ ದಾಟಿರಲಿಲ್ಲ. ಒಂದು ಕೈ ಹಿಡಿಯ ಮೇಲಿದ್ದುದರಿಂದ ಮುಚ್ಚಿಕೊಳ್ಳಲು ಸಿಕ್ಕಿದ್ದು ಒಂದೇ ಕಿವಿ.

“ಸಾರ್, ದಯವಿಟ್ಟು...”

“ಸಾಕಿ ಬೆಳೆಸಿದ ಮೊಮ್ಮಗ ಕಣಯ್ಯ! ಅವನ ಹಾಲಿಗೆ ಕೈಯಾರೆ ವಿಷ...” ಸಾಹೇಬರು ಕರವಸ್ತ್ರ ತೆಗೆದರು.

ನೆಲಮಹಡಿ ಬಂತು. ಸಾಹೇಬರು ಇಳಿದು ಎರಡು ಹೆಜ್ಜೆ ಹೋಗಿ, ಅವನ ಸಪ್ಪೆ ಮುಖ ನೋಡಿ ಮರುಕದಿಂದ ಹಿಂದಿರುಗಿದರು.

“ಬೇಜಾರ್ ಮಾಡ್ಕೋಬೇಡ. ನಾಳೆ ಹೊಸ ಕತೆ ಹಚ್ಚು, ನಾನೇ ಆರಿಸಿ ಇಟ್ಟಿದ್ದೀನಿ. ಹಡಗಿನಲ್ಲಿ ಓಡಿಹೋಗೋ ಇಬ್ಬರು ಪ್ರೇಮಿಗಳದು.”

ಅವನ ಮುಖ ಅರಳಿತು. “ಆಗ್ಲಿ ಸಾರ್!”

“ಬಹಳ ಚೆನ್ನಾಗಿದೆ,” ಎಂದರು ಸಾಹೇಬರು. “ಕೊನೇಲಿ ಹಡಗು ಮುಳುಗುತ್ತೆ.”